ಪರಭಾಷೆಯ ಕಥೆಯೂ ಗ್ರಂಥಕರ್ತನ ಅಪ್ಪಣೆಯೂ

ಕಾಳೀನದಿಯ ಸೀಮೆಯಲ್ಲಿ, ದಾಂಡೇಲಿಗೆ ಸಮೀಪವಾದ ಮೌಳಂಗಿಯಂಥ ಗ್ರಾಮದಲ್ಲಿ ಕುಳಿತು ಇಂದಿನ ತರುಣನು ಜಪಾನದ ಚಿತ್ರಕಥೆಯನ್ನು ಫೋನಿನಲ್ಲಿ ಓದಬಲ್ಲನು. ಜಪಾನೀಯರು ಇದನ್ನು ಮಂಗಾ ಎನ್ನುವರು. ಹೀಗೆ ದೊರೆಯುವ ಕಥೆಗಳಲ್ಲಿ ಹಲವನ್ನು ಇಂಗ್ಲಿಷಿಗೆ ತಿರುಗಿಸಿದವರು ಗ್ರಂಥಕರ್ತನ ಅಪ್ಪಣೆಯನ್ನಾಗಲಿ ಪ್ರಕಾಶಕನ ಅಪ್ಪಣೆಯನ್ನಾಗಲಿ ಪಡೆದವರಲ್ಲ. ಕಥೆಯ ಮೇಲಣ ಅಭಿಮಾನದಿಂದ ಕೂಲಿಯಿಲ್ಲದೆ ದುಡಿದವರೇ ಅವರಲ್ಲಿ ಅನೇಕರು. ಇಂಥ ಭಾಷಾಂತರವನ್ನು ಓದುವುದು ನ್ಯಾಯವೇ ಎಂಬ ಪ್ರಶ್ನೆಯು ನಿನ್ನೆ ಮೊನ್ನೆ ಹುಟ್ಟಿದಂತೆ ತೋರಬಹುದು. ಆದರೆ ಕನ್ನಡಿಗರ ಮುತ್ತಜ್ಜಂದಿರು ಕಾದಂಬರಿಯೆಂಬುದನ್ನು ಮೊದಲು ಕೈಗೆತ್ತಿಕೊಂಡಾಗ ಓದಿದುದು ಬಹುಮಟ್ಟಿಗೆ ಪರಭಾಷೆಯ ಕಥೆಗಳನ್ನೇ.

1871 ರಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಶೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ಯಾಗಿ ಕನ್ನಡಿಸಿದರು. 1876 ರಲ್ಲಿ ಮೈಸೂರು ಸೀಮೆಯ ಬಿ. ವೆಂಕಟಾಚಾರ್ಯರು ಅದೇ ವಸ್ತುವನ್ನು ಬಂಗಾಲದ ದಾರಿಯಿಂದ ತಂದರು. ಈಶ್ವರಚಂದ್ರ ವಿದ್ಯಾಸಾಗರರ ‘ಭ್ರಾಂತಿವಿಲಾಸ’ವೇ ಅವರಿಗೆ ಮೂಲವಾಯಿತು. ಶೇಕ್ಸ್‌ಪಿಯರನಾದರೂ ಕಥೆಯನ್ನು ರೋಮಿನ ಪ್ಲಾಟಸನಿಂದ ಎತ್ತಿಕೊಂಡವನೇ! ಸತ್ತು ಶತಮಾನಗಳಾದ ಕವಿಯ ವಿಷಯದಲ್ಲಿ ಅಪ್ಪಣೆಯ ಮಾತಿಲ್ಲ. ಆದರೆ ವಿದ್ಯಾಸಾಗರರು ಆಗ ಬದುಕಿದ್ದರು. ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯು 1885 ರಲ್ಲಿ ಆಚಾರ್ಯರ ಕೈಯಿಂದ ಕನ್ನಡಕ್ಕೆ ಬಂದಾಗ ಬಂಕಿಮರೂ ಬದುಕಿದ್ದರು. ಈ ಪುಸ್ತಕಗಳಿಂದ, ಪುರಾಣವನ್ನಲ್ಲದೆ ಬೇರೊಂದನ್ನು ಓದಿ ಅರಿಯದ ಎಷ್ಟೋ ಮನೆಗಳಲ್ಲಿ ದೀಪದ ಮುಂದೆ ಕಾದಂಬರಿಯ ವಾಚನವು ಮೊದಲಾಯಿತು.

ಮೌಳಂಗಿಗೆ ಇನ್ನೂ ಹತ್ತಿರದ ಉದಾಹರಣೆಯು ಹಾವೇರಿಯ ಕಡೆಯ ಗಳಗನಾಥರದು. ಶಾಲಾಮಾಸ್ತರರಾಗಿದ್ದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಈ ಹೆಸರಿನಿಂದ ಪ್ರಸಿದ್ಧರಾದರು. ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಅವರು ಕನ್ನಡಕ್ಕೆ ಇಳಿಸಿದರು. ವಿಜಯನಗರದ ಪತನವನ್ನು ಹೇಳುವ ‘ಕನ್ನಡಿಗರ ಕರ್ಮಕಥೆ’ಯ ಮೂಲವು ಆಪಟೆಯವರ ‘ವಜ್ರಾಘಾತ’. ಕನ್ನಡಿಗರ ರಾಜ್ಯವು ಅಳಿದ ಕಥೆಯನ್ನು ಕನ್ನಡಿಗರೇ ಮರಾಠಿಯಿಂದ ತರಬೇಕಾಯಿತೆಂಬುದು ಆ ಕಾಲದ ಬಡತನಕ್ಕೆ ಸಾಕ್ಷಿ. ಗಳಗನಾಥರು ಅಚ್ಚಾದ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಇಷ್ಟು ಕಷ್ಟಪಟ್ಟವರನ್ನು ಕಳ್ಳರೆಂದು ಕರೆಯಲು ಯಾರಿಗೆ ನಾಲಿಗೆ ಬಂದೀತು?

ಆ ಕಾಲದ ಕಾಯಿದೆಯೂ ಭಾಷಾಂತರಕಾರರಿಗೆ ಪ್ರತಿಕೂಲವಾಗಿರಲಿಲ್ಲ. ಉತ್ತರ ಕನ್ನಡ ಜಿಲ್ಲೆಯು 1862 ರಲ್ಲಿ ಮದರಾಸಿನಿಂದ ಮುಂಬಯಿ ಇಲಾಖೆಗೆ ಸೇರಿದುದರಿಂದ ಹಳಿಯಾಳ ಸೂಪಾಗಳ ಪ್ರಾಂತಕ್ಕೆ ಮುಂಬಯಿ ಹೈಕೋರ್ಟಿನ ತೀರ್ಪೇ ಪ್ರಮಾಣವಾಗಿದ್ದಿತು. ಮ್ಯಾಕ್ಮಿಲನ್ ಕಂಪನಿಯವರು ತಮ್ಮ ಇಂಗ್ಲಿಷು ಪುಸ್ತಕಗಳ ಉರ್ದು ಭಾಷಾಂತರದ ಮೇಲೆ ಹೂಡಿದ ವ್ಯಾಜ್ಯದಲ್ಲಿ ಆ ನ್ಯಾಯಸ್ಥಾನವು 1895 ರಲ್ಲಿ, 1847 ರ ಕಾಯಿದೆಯಂತೆ ಭಾಷಾಂತರವು ಗ್ರಂಥಸ್ವಾಮ್ಯದ ಉಲ್ಲಂಘನೆಯಲ್ಲವೆಂದು ತೀರ್ಮಾನಿಸಿತು. 1914 ರ ಕಾಯಿದೆಯು ಈ ಸಡಿಲನ್ನು ಕಟ್ಟಿ ಗ್ರಂಥಕರ್ತನಿಗೆ ಹತ್ತು ವರುಷಗಳ ಹಕ್ಕನ್ನು ಕೊಟ್ಟಿತು. ಅಷ್ಟರೊಳಗೆ ಆತನು ಒಂದು ಭಾಷೆಗೆ ತನ್ನ ಗ್ರಂಥವನ್ನು ತಾನೇ ತರದಿದ್ದರೆ, ಪರರಿಗೆ ಅಪ್ಪಣೆಯನ್ನೂ ಕೊಡದಿದ್ದರೆ, ಆ ಭಾಷೆಯ ಮಟ್ಟಿಗೆ ಅವನ ಹಕ್ಕು ತೀರುತ್ತಿದ್ದಿತು. ಕಾಯಿದೆಗಳಲ್ಲಿ ಇಷ್ಟು ವಿವೇಕವು ಅಪರೂಪ. ಗ್ರಂಥಕರ್ತನ ಅನ್ನಕ್ಕೂ ಓದುಗನ ಹಸಿವಿಗೂ ಅದು ಒಂದೊಂದು ಪಾಲನ್ನಿಟ್ಟಿತು. 1957 ರ ಕಾಯಿದೆಯು ಈ ಹತ್ತು ವರುಷಗಳ ಮಿತಿಯನ್ನು ತೆಗೆಯಿತು. ಈಗ ಭಾಷಾಂತರದ ಹಕ್ಕು ಗ್ರಂಥಕರ್ತನು ತೀರಿಕೊಂಡ ಮೇಲೆಯೂ 60 ವರುಷ ನಿಲ್ಲುವುದು.

ಗಳಗನಾಥರ ಹೆಸರನ್ನು ಮುಂದೊಡ್ಡಿ ಇಂದಿನ ಅಭಿಮಾನಿಯು ತನ್ನ ಪರವಾಗಿ ವಾದಿಸಬಹುದು. ಅದರಲ್ಲಿ ಸತ್ಯಾಂಶವುಂಟು: ಪ್ರಕಾಶಕರು ಲಾಭವಿಲ್ಲವೆಂದು ಕೈಬಿಟ್ಟ ಕಥೆಯು ಆತನಿಂದಲೇ ಹೊರಗಿನ ಜಗತ್ತನ್ನು ಕಂಡಿರುವುದುಂಟು. ಆದರೂ ಎರಡು ಕೆಲಸಗಳೂ ಒಂದೇ ಅಲ್ಲ. ವೆಂಕಟಾಚಾರ್ಯರು ಬಂಕಿಮರ ಕಥೆಯನ್ನು ತೆಗೆದುಕೊಂಡರು. ಕನ್ನಡದ ಒಂದೊಂದು ವಾಕ್ಯವೂ ಅವರ ಸ್ವಂತ ದುಡಿಮೆ. ಚಿತ್ರಕಥೆಯಲ್ಲಿಯಾದರೋ ಮೂಲದ ಪುಟವನ್ನೇ ಪಡಿಯಚ್ಚು ತೆಗೆದು, ಮಾತಿನ ಗುಳ್ಳೆಗಳೊಳಗಣ ಜಪಾನೀ ಅಕ್ಷರಗಳನ್ನು ಅಳಿಸಿ, ಬೇರೆ ಅಕ್ಷರಗಳನ್ನು ತುಂಬುವರು. ಮಾತು ಮಾತ್ರ ಭಾಷಾಂತರಕಾರನದು; ಮುಖ, ಮಳೆ, ಬೀದಿ, ಕತ್ತಿಯ ಹೊಳಪು ಎಲ್ಲವೂ ಚಿತ್ರಕಾರನ ಲೇಖನಿಯಿಂದ ಇಳಿದುದೇ. 1914 ರ ಉದಾರವಾದ ಕಾಯಿದೆಯೂ ಇದನ್ನು ಒಪ್ಪುತ್ತಿರಲಿಲ್ಲ.

ಕಾಲದ ಅಂತರವನ್ನೂ ನೋಡಬೇಕು. ‘ದುರ್ಗೇಶನಂದಿನಿ’ಯು ಬಂಗಾಲದಲ್ಲಿ ಹೊರಟುದು 1865 ರಲ್ಲಿ, ಕನ್ನಡಕ್ಕೆ ಬರುವ ಮೊದಲು ಅದು 20 ವರುಷ ಮೂಲದ ಅಂಗಡಿಯಲ್ಲಿ ಮಾರಾಟವಾಗಿದ್ದಿತು. ‘ಆನಂದಮಠ’ಕ್ಕೆ 15 ವರುಷ ಸಂದಿದ್ದವು. ಜಪಾನದ ವಾರಪತ್ರಿಕೆಯ ಕಥೆಯಾದರೆ ಒಮ್ಮೊಮ್ಮೆ ಅಲ್ಲಿಯ ಅಂಗಡಿಗೆ ಬರುವ ಮುಂಚೆಯೇ ಕದ್ದ ಪುಟಗಳಿಂದ ತರ್ಜುಮೆಯಾಗಿ ಹರಡುವುದು. ಓದಲು ಬೇರೆ ಉಪಾಯವಿರಲಿಲ್ಲವೆಂಬ ಮಾತೂ ಹಿಂದಿನಷ್ಟು ನಿಲ್ಲದು. ಶೂಯೇಶಾ ಎಂಬ ಪ್ರಕಾಶನದವರು 2019 ರ ಜನವರಿಯಲ್ಲಿ ‘ಮಂಗಾ ಪ್ಲಸ್’ ಎಂಬುದನ್ನು ತೆರೆದು, ತಮ್ಮ ಅನೇಕ ಕಥೆಗಳ ಹೊಸ ಅಧ್ಯಾಯಗಳನ್ನು ಜಪಾನದಲ್ಲಿ ಪ್ರಕಟವಾದ ಹೊತ್ತಿಗೇ ಇಂಗ್ಲಿಷಿನಲ್ಲಿ ಕಾಸಿಲ್ಲದೆ ಓದಗೊಟ್ಟರು. ಅಂಥ ಕಥೆಯನ್ನು ಬಿಟ್ಟು ಕದ್ದ ಪುಟವನ್ನೇ ಹುಡುಕುವವನಿಗೆ ಗಳಗನಾಥರ ಹೆಸರೆತ್ತುವ ಹಕ್ಕಿಲ್ಲ. ಎಲ್ಲಿಯೂ ಮಾರಾಟಕ್ಕೇ ಇಲ್ಲದ ಹಳೆಯ ಕಥೆಯನ್ನು ಹಂಬಲಿಸಿ ಓದಿದವನ ಮಾತು ಬೇರೆ. ಅವನನ್ನು ಇವನೊಡನೆ ಒಂದೇ ತಕ್ಕಡಿಯಲ್ಲಿಡುವುದು ಅನ್ಯಾಯ.

1914 ರ ಉದಾರಬುದ್ಧಿಯು ಕಾಯಿದೆಯಿಂದ ಪೂರ್ತಿಯಾಗಿ ಅಳಿದಿಲ್ಲ. 1957 ರ ಕಾಯಿದೆಯ 32 ನೆಯ ಕಲಮಿನಂತೆ, ಸಾಹಿತ್ಯಗ್ರಂಥವು ಪ್ರಕಟವಾಗಿ ಏಳು ವರುಷ ಕಳೆದರೂ ಒಂದು ಭಾಷೆಗೆ ಭಾಷಾಂತರವಾಗದಿದ್ದರೆ, ಅದನ್ನು ಆ ಭಾಷೆಗೆ ತರಲು ಪರವಾನಗಿಯನ್ನು ಬೇಡಬಹುದು. ಬೇಡುವವನು ಮೊದಲು ಹಕ್ಕುದಾರನನ್ನು ಕೇಳಿರಬೇಕು, ಇಲ್ಲವೆ ಹುಡುಕಿಯೂ ಆತನು ಸಿಕ್ಕಿರಬಾರದು. ಪರವಾನಗಿ ದೊರೆತರೂ ಗೌರವಧನವನ್ನು ಸಲ್ಲಿಸಬೇಕು. ಗ್ರಂಥಕರ್ತನೇ ತನ್ನ ಪುಸ್ತಕದ ಪ್ರತಿಗಳನ್ನು ಪ್ರಚಾರದಿಂದ ಹಿಂತೆಗೆದುಕೊಂಡಿದ್ದರೆ ಪರವಾನಗಿಯೇ ದೊರೆಯದು.