ರತ್ನಗಂಧಿಯ ಬೀಜ

ನಮ್ಮ ಊರುಗಳ ಶಾಲೆ ಅಂಗಳದಲ್ಲಿ, ಆಸ್ಪತ್ರೆ ಬೇಲಿ ಪಕ್ಕದಲ್ಲಿ ಕೆಂಪು ಹಳದಿ ಹೂವಿನ ರತ್ನಗಂಧಿ ಗಿಡ ನಿಂತಿರುತ್ತೆ. ಚೆಂದಕ್ಕೆ ನೆಟ್ಟಿದ್ದು. ಅದರ ಬೀಜಕ್ಕೆ ಒಂದು ಚರಿತ್ರೆ ಇದೆ, ಯಾವ ಮಾಸ್ತರೂ ನಮಗೆ ಹೇಳಿಕೊಡಲಿಲ್ಲ.

1699ರಲ್ಲಿ ಮರಿಯಾ ಸಿಬಿಲ್ಲಾ ಮೇರಿಯನ್ ಎಂಬ ಚಿತ್ರಗಾರ್ತಿ ಆಮ್‌ಸ್ಟರ್‌ಡಾಮಿನಿಂದ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋದಳು. ಹುಳುಹುಪ್ಪಟೆ ನೋಡಿ ಚಿತ್ರ ಬರೆಯೋದು ಅವಳ ಕೆಲಸ. ಸುರಿನಾಮಿನ ಕಬ್ಬಿನ ತೋಟಗಳು ಆಗ ಡಚ್ಚರವು. ತಾಯಿ ಗುಲಾಮಳಾದರೆ ಹೊಟ್ಟೆಯ ಕೂಸೂ ಒಡೆಯನ ಸೊತ್ತು. ಡಚ್ಚರ ಕೈಲಿ ನರಳುತ್ತಿದ್ದ ಅಲ್ಲಿನ ಮೂಲನಿವಾಸಿ ಹೆಂಗಸರು ಈ ಬೀಜ ತಿಂದು ಬಸುರು ಇಳಿಸಿಕೊಳ್ತಿದ್ರು, ಮಕ್ಕಳೂ ತಮ್ಮ ಹಾಗೆ ಗುಲಾಮರಾಗಬಾರದು ಅಂತ. ಗಿನಿ, ಅಂಗೋಲಾದಿಂದ ಹಿಡಿದು ತಂದ ಕರಿಯರೂ ಮಕ್ಕಳು ಬೇಡ ಅಂದರು. ಕೆಲವರು ಪ್ರಾಣವನ್ನೇ ಕಳಕೊಂಡರು. ಸತ್ತರೆ ತಮ್ಮ ನಾಡಿನಲ್ಲಿ ಸ್ವತಂತ್ರರಾಗಿ ಹುಟ್ತೀವಿ ಅನ್ನೋ ನಂಬಿಕೆ. ಅವರ ಬಾಯಿಂದಲೇ ಕೇಳಿದೆ ಅಂತ ಮೇರಿಯನ್ 1705ರ ತನ್ನ ಪುಸ್ತಕದಲ್ಲಿ ಬರೆದಳು. ಹುಳದ ಪುಸ್ತಕದೊಳಗೆ ನುಸುಳಿಬಂದ ಬಂಡಾಯ! ಹೇಳಿದವರ ಹೆಸರು ಮಾತ್ರ ಅದರಲ್ಲಿಲ್ಲ.

ಗಿಡ ಯುರೋಪಿನ ತೋಟಗಳಿಗೆ ಹೋಯ್ತು. ಅದಕ್ಕೆ ಕೆರಿಬಿಯನ್ ದ್ವೀಪಗಳ ಫ್ರೆಂಚ್ ಗವರ್ನರ್ ಪ್ವಾಂಸಿಯ ಹೆಸರಿಟ್ಟರು. ಹೆಂಗಸರ ಅರಿವು ಹಡಗು ಹತ್ತಲಿಲ್ಲ. ಚಳಿಜ್ವರಕ್ಕೆ ಸಿಂಕೋನಾ ತೊಗಟೆ ಬೇಕಾಗಿತ್ತು, ತಗೊಂಡ್ರು. ಬಸುರು ಇಳಿಸುವ ಬೀಜ ಅವರಿಗ್ಯಾಕೆ? ಗುಲಾಮಳು ಹೆತ್ತಷ್ಟೂ ದುಡಿಯೋ ಕೈ. ಚರಿತ್ರೆಕಾರ್ತಿ ಲೋಂಡಾ ಶೀಬಿಂಗರ್ 2004ರ ಪುಸ್ತಕದಲ್ಲಿ ಇದನ್ನು ಬಿಡಿಸಿಟ್ಟಿದ್ದಾರೆ. ತಿಳಿಯದೆ ಉಳಿಯೋದೂ ತಾನಾಗಿ ಆಗೋದಲ್ಲ, ಅದನ್ನೂ ಬೆಳೆಸಲಾಗುತ್ತೆ ಅನ್ನೋದು ಆಕೆಯ ವಾದ.

ಹಾಗಾದರೆ ಬೀಜ ನಿಜಕ್ಕೂ ಕೆಲಸ ಮಾಡುತ್ತಾ? ನೊಂದವರ ಮದ್ದು ಅಂದ ಮಾತ್ರಕ್ಕೆ ನಾವು ಕಣ್ಣುಮುಚ್ಚಿ ನಂಬೋದಿಲ್ಲ. ಎಷ್ಟು ಬೀಜ, ಎಷ್ಟನೇ ತಿಂಗಳು ಅಂತ ಮೇರಿಯನ್ ಬರೆದಿಲ್ಲ. ತಿಂದು ಸತ್ತವರ ಲೆಕ್ಕವನ್ನೂ ಕೊಟ್ಟಿಲ್ಲ.

ಪರೀಕ್ಷೆಗೆ ಕೂತ ಮದ್ದಿನ ಕಥೆ ಬೇರೆ. ರೈ ಪೈರಿನ ತೆನೆಗೆ ಎರ್ಗಟ್ ಅನ್ನೋ ಕರಿ ಬೂಷ್ಟು ಹತ್ತುತ್ತೆ (ನಮ್ಮ ಸಜ್ಜೆಗೂ ಅದರ ಜಾತಿಯದೊಂದು ಬರುತ್ತೆ). ಯುರೋಪಿನ ಸೂಲಗಿತ್ತಿಯರು ಅದನ್ನು ಹೆರಿಗೆಗೆ ಕೊಡ್ತಿದ್ರು. 1808ರಲ್ಲಿ ನ್ಯೂಯಾರ್ಕಿನ ಡಾಕ್ಟರ್ ಜಾನ್ ಸ್ಟರ್ನ್ಸ್ ಅದನ್ನು ವೈದ್ಯರ ಕಿವಿಗೆ ಹಾಕಿದ. ಕೂಸುಗಳು ಹೊಟ್ಟೆಯಲ್ಲೇ ಸಾಯೋದು ಕಂಡು 1820ರ ದಶಕದಲ್ಲಿ, ಹೆರಿಗೆ ಆದಮೇಲೆ ರಕ್ತ ನಿಲ್ಲಿಸೋಕೆ ಮಾತ್ರ ಇರಲಿ ಅಂದರು. 1935ರಲ್ಲಿ ಅದರ ಸಾರ ಎರ್ಗೊಮೆಟ್ರಿನ್ ಸಿಕ್ತು. ಅದರ ಒಡಹುಟ್ಟಿದ ಮದ್ದು ಇವತ್ತೂ ನಮ್ಮ ಹೆರಿಗೆ ವಾರ್ಡುಗಳಲ್ಲಿ ತಾಯಂದಿರ ಜೀವ ಉಳಿಸ್ತಿದೆ.

ರತ್ನಗಂಧಿಯನ್ನು ಯಾರೂ ಇಷ್ಟು ದೂರ ಒರೆಗೆ ಹಚ್ಚಲಿಲ್ಲ. ಬಸುರು ಬೇಡವಾದವಳಿಗೆ ಇವತ್ತು ಪರೀಕ್ಷೆಯಾದ ಮಾತ್ರೆ ಇದೆ, 1971ರ ಕಾನೂನಿದೆ. ಆ ಬೀಜ ಯಾರೂ ಬಾಯಿಗೆ ಹಾಕೋದು ಬೇಡ.