ಸೋರುವ ಕೊಠಡಿ ಮತ್ತು ಆರು ಕೋಟಿ ಡಾಲರಿನ ಕ್ರೀಡಾಂಗಣ

ಅಮೆರಿಕದ ಶಾಲೆಗಳ ಬಗ್ಗೆ ಬರೆಯಿರಿ ಎಂದು ನಿಮ್ಮಲ್ಲಿ ಹಲವರು ಬಹಳ ಹಿಂದೆಯೇ ಕೇಳಿದ್ದಿರಿ. 2019ರಲ್ಲಿ ಟೆಕ್ಸಾಸಿನ ಡಲ್ಲಾಸ್ ಬಳಿ ಇರುವ ಮಗನ ಮನೆಯಲ್ಲಿ ಮೂರು ತಿಂಗಳಿದ್ದು ಬಂದ ಮೇಲೆ ಒಂದೆರಡು ಬಾರಿ ಬರೆಯಲು ಕುಳಿತದ್ದೂ ಉಂಟು. ಆದರೆ ಕಂಡದ್ದನ್ನು ಕಂಡಂತೆ ಬರೆದರೆ ಅದು ಬರಿಯ ಪ್ರವಾಸಕಥನವಾಗುತ್ತದೆ, ಅಂಥವು ಈಗಾಗಲೇ ಬೇಕಾದಷ್ಟಿವೆ ಎನ್ನಿಸಿ ಕೈಬಿಟ್ಟಿದ್ದೆ. ನಲವತ್ತು ವರ್ಷ ಚರಿತ್ರೆ ಪಾಠ ಮಾಡಿದವನಿಗೆ ಒಂದು ವಸ್ತುವಿನ ಹಿಂದಿನ ಕಥೆ ತಿಳಿಯದ ಹೊರತು ಲೇಖನಿ ಓಡುವುದಿಲ್ಲ. ಆ ಕಥೆಯನ್ನು ಅಲ್ಲಿಂದ ಬಂದ ಮೇಲೆ ಓದಿಕೊಂಡೆ. ಈಗ ನಿಮ್ಮ ಮುಂದಿಡುತ್ತಿದ್ದೇನೆ.

ಒಂದು ಶುಕ್ರವಾರ ಸಂಜೆ ಮಗ ನನ್ನನ್ನು ಅಲೆನ್ ಎಂಬ ಪಕ್ಕದ ಊರಿಗೆ ಕರೆದೊಯ್ದ. ಪ್ರೌಢಶಾಲೆಯ ಹುಡುಗರ ಫುಟ್‌ಬಾಲ್ ಪಂದ್ಯ. ಹೆಸರಿಗೆ ಫುಟ್‌ಬಾಲ್, ಆಡುವುದು ಬಹುಪಾಲು ಕೈಯಿಂದ. ಆ ಆಟದ ನಿಯಮ ನನಗೆ ಇಂದಿಗೂ ತಿಳಿದಿಲ್ಲ. ನನ್ನನ್ನು ಬೆರಗುಗೊಳಿಸಿದ್ದು ಆಟವಲ್ಲ, ಆ ಕ್ರೀಡಾಂಗಣ. ಹದಿನೆಂಟು ಸಾವಿರ ಆಸನಗಳು, ಹಗಲನ್ನು ನಾಚಿಸುವ ದೀಪಗಳು, ಮನೆಯಷ್ಟು ದೊಡ್ಡ ಪರದೆ. ಇದು ಯಾವ ವಿಶ್ವವಿದ್ಯಾನಿಲಯದ್ದೆಂದು ಕೇಳಿದೆ. ಒಂದು ಪ್ರೌಢಶಾಲೆಯದು ಎಂದ ಮಗ. ತಗುಲಿದ ವೆಚ್ಚ ಸುಮಾರು ಆರು ಕೋಟಿ ಡಾಲರ್. 2009ರಲ್ಲಿ ಊರಿನ ಮತದಾರರು ಮತ ಚಲಾಯಿಸಿ ಒಪ್ಪಿಗೆ ಕೊಟ್ಟ 11.9 ಕೋಟಿ ಡಾಲರ್ ಸಾಲದ ಅರ್ಧ ಭಾಗ ಈ ಒಂದು ಕಟ್ಟಡಕ್ಕೆ ಹೋಯಿತು. 2012ರಲ್ಲಿ ಉದ್ಘಾಟನೆಯಾಯಿತು. ಎರಡು ವರ್ಷ ತುಂಬುವ ಮೊದಲೇ, 2014ರಲ್ಲಿ, ಕಾಂಕ್ರೀಟಿನಲ್ಲಿ ಬಿರುಕುಗಳು ಕಂಡು ಮುಚ್ಚಬೇಕಾಗಿ ಬಂದು, ರಿಪೇರಿಯಾಗಿ 2015ರಲ್ಲಿ ಮತ್ತೆ ತೆರೆಯಿತು. ಬಿರುಕು ಎಲ್ಲಿ ತಾನೆ ಬಿಡುವುದಿಲ್ಲ! ನನಗೆ ಮುಖ್ಯವೆನ್ನಿಸಿದ್ದು ಇನ್ನೊಂದು ಸಂಗತಿ. ಈ ಕ್ರೀಡಾಂಗಣ ಮೇಲೇಳುತ್ತಿದ್ದ 2011ರಲ್ಲಿಯೇ ಟೆಕ್ಸಾಸ್ ರಾಜ್ಯದ ಶಾಸನಸಭೆ ಸರ್ಕಾರಿ ಶಾಲೆಗಳ ಎರಡು ವರ್ಷದ ಅನುದಾನದಿಂದ ಸುಮಾರು 540 ಕೋಟಿ ಡಾಲರುಗಳನ್ನು ಕಡಿತ ಮಾಡಿತ್ತು. ಒಂದೇ ರಾಜ್ಯ, ಒಂದೇ ಕಾಲ. ಇದು ಹೇಗೆ ಸಾಧ್ಯ?

ಉತ್ತರ ಮಗನ ಮನೆಯ ಅಡುಗೆಮನೆಯ ಮೇಜಿನ ಮೇಲೆಯೇ ಇತ್ತು. ಅದು ಮನೆ ಕಂದಾಯದ ಚೀಟಿ. ಅದರಲ್ಲಿ ಕೌಂಟಿಗಿಷ್ಟು, ನಗರಕ್ಕಿಷ್ಟು ಎಂದು ಪಟ್ಟಿಯಿದ್ದು, ಎಲ್ಲಕ್ಕಿಂತ ದೊಡ್ಡ ಮೊತ್ತ 'ಶಾಲಾ ಜಿಲ್ಲೆ'ಗೆ ಸಲ್ಲುತ್ತಿತ್ತು. ಇಲ್ಲಿ ಜಿಲ್ಲೆ ಎಂದರೆ ನಮ್ಮ ತುಮಕೂರು, ಹಾಸನದಂತಲ್ಲ. ಕೆಲವು ಶಾಲೆಗಳನ್ನು ನಡೆಸುವುದಕ್ಕೆಂದೇ ಇರುವ ಪ್ರತ್ಯೇಕ ಆಡಳಿತ ಅದು. ಅದಕ್ಕೆ ಚುನಾಯಿತ ಮಂಡಳಿ ಇದೆ, ತನ್ನ ಗಡಿಯೊಳಗಿನ ಮನೆ, ಅಂಗಡಿ, ಕಾರ್ಖಾನೆಗಳ ಮೇಲೆ ತೆರಿಗೆ ಹಾಕುವ ಅಧಿಕಾರವಿದೆ. ಗಡಿಯೊಳಗೆ ಬೆಲೆಬಾಳುವ ಆಸ್ತಿ ಇದ್ದರೆ ಶಾಲೆಗೆ ಹಣ ಉಂಟು, ಇಲ್ಲದಿದ್ದರೆ ಇಲ್ಲ. ಮಗ ಈ ಮನೆಯನ್ನು ಏಕೆ ಕೊಂಡನೆಂದು ಮೊದಲು ಕೇಳಿದಾಗ, ಇಲ್ಲಿಯ ಶಾಲೆ ಚೆನ್ನಾಗಿದೆ ಅಪ್ಪ ಎಂದಿದ್ದ. ಶಾಲೆ ಚೆನ್ನಾಗಿರುವುದರಿಂದ ಮನೆಗೆ ಬೆಲೆ, ಮನೆಗೆ ಬೆಲೆ ಇರುವುದರಿಂದ ಶಾಲೆ ಚೆನ್ನ. ಈ ಚಕ್ರದೊಳಗೆ ಒಮ್ಮೆ ಕಾಲಿಟ್ಟವರಿಗೆ ಸುಖ. ಹೊರಗುಳಿದವರ ಪಾಡೇನು?

ಆ ಪ್ರಶ್ನೆಯನ್ನು ಐವತ್ತು ವರ್ಷಗಳ ಹಿಂದೆಯೇ ಇದೇ ರಾಜ್ಯದ ಸ್ಯಾನ್ ಆಂಟೋನಿಯೊ ನಗರದಲ್ಲಿ ಮಕ್ಕಳೇ ಎತ್ತಿದ್ದರು. ನಗರದ ಪಶ್ಚಿಮಕ್ಕೆ ಎಡ್ಜ್‌ವುಡ್ ಎಂಬ ಶಾಲಾ ಜಿಲ್ಲೆ. ಅಲ್ಲಿಯ 25 ಶಾಲೆಗಳಲ್ಲಿ ಸುಮಾರು 22,000 ಮಕ್ಕಳು. ನೂರಕ್ಕೆ ತೊಂಬತ್ತರಷ್ಟು ಮೆಕ್ಸಿಕನ್ ಮೂಲದವರು, ಬಡ ಕೂಲಿಕಾರರ ಮನೆಯವರು. 1968ರ ಮೇ 16ರಂದು ಎಡ್ಜ್‌ವುಡ್ ಪ್ರೌಢಶಾಲೆಯ ಸುಮಾರು 400 ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರಬಂದು ಶಾಲಾ ಜಿಲ್ಲೆಯ ಸೂಪರಿಂಟೆಂಡೆಂಟರ ಕಚೇರಿಗೆ ಮೆರವಣಿಗೆ ಹೋದರು. ಅವರು ಕೇಳಿದ್ದು ಕ್ರೀಡಾಂಗಣವನ್ನಲ್ಲ. ಕಟ್ಟಡ ರಿಪೇರಿ ಮಾಡಿಸಿ, ಅರ್ಹತೆಯುಳ್ಳ ಶಿಕ್ಷಕರನ್ನು ಕೊಡಿ, ಇಷ್ಟೇ.

ಮಕ್ಕಳ ಹಿಂದೆ ತಂದೆತಾಯಂದಿರು ಎದ್ದರು. ಅವರಲ್ಲೊಬ್ಬರು ದೆಮೆತ್ರಿಯೊ ರೊಡ್ರಿಗೆಸ್. ಸೇನೆಯಲ್ಲಿ ಸೇವೆ ಸಲ್ಲಿಸಿ ಬಂದವರು, ಕೆಲ್ಲಿ ವಾಯುನೆಲೆಯಲ್ಲಿ ಲೋಹದ ತಗಡಿನ ಕೆಲಸ ಮಾಡುತ್ತಿದ್ದವರು. ಅವರ ಗಂಡುಮಕ್ಕಳು ಓದುತ್ತಿದ್ದ ಪ್ರಾಥಮಿಕ ಶಾಲೆಯ ಮೇಲಂತಸ್ತು ಅಪಾಯಕಾರಿಯೆಂದು ಮುಚ್ಚಲ್ಪಟ್ಟಿತ್ತು; ಬಾವಲಿಗಳು ಅದರಲ್ಲಿ ಸಂಸಾರ ಹೂಡಿದ್ದವು. 1968ರ ಜುಲೈನಲ್ಲಿ ಈ ಪೋಷಕರು ಆರ್ಥರ್ ಗಾಕ್‌ಮನ್ ಎಂಬ ವಕೀಲರ ಮೂಲಕ ದಾವೆ ಹೂಡಿದರು.

ಆ ದಾವೆಯ ಅಂಕಿಗಳನ್ನು ನೀವು ಸ್ವಲ್ಪ ತಾಳ್ಮೆಯಿಂದ ಓದಬೇಕು. ಲೆಕ್ಕದ ಮೇಷ್ಟ್ರಲ್ಲದ ನನಗೇ ಅವು ಬಾಯಿಪಾಠವಾಗಿಬಿಟ್ಟಿವೆ. ಇವು 1967-68ನೇ ಸಾಲಿನವು. ಎಡ್ಜ್‌ವುಡ್‌ನಲ್ಲಿ ಒಬ್ಬ ವಿದ್ಯಾರ್ಥಿಗೆ ಸರಾಸರಿ 5,960 ಡಾಲರ್ ಬೆಲೆಯ ಆಸ್ತಿ. ಅದೇ ನಗರದ ಶ್ರೀಮಂತ ಬಡಾವಣೆ ಆಲಮೊ ಹೈಟ್ಸ್‌ನಲ್ಲಿ 49,000 ಡಾಲರಿಗೂ ಮಿಗಿಲು. ಎಡ್ಜ್‌ವುಡ್ ಜನ ನೂರು ಡಾಲರಿಗೆ 1.05 ಡಾಲರ್ ತೆರಿಗೆ ಹಾಕಿಕೊಂಡಿದ್ದರು. ಆ ಮಹಾನಗರ ಪ್ರದೇಶದಲ್ಲೇ ಅತಿ ಹೆಚ್ಚಿನ ದರ ಅದು. ಆಲಮೊ ಹೈಟ್ಸ್‌ನವರದು ಕೇವಲ 85 ಸೆಂಟ್. ರಾಜ್ಯದ ಕನಿಷ್ಠ ಯೋಜನೆಗೆ ಸಲ್ಲಿಸಬೇಕಾದ ಪಾಲು ಕಳೆದು ಉಳಿದದ್ದು ಎಡ್ಜ್‌ವುಡ್‌ನಲ್ಲಿ ಒಂದು ಮಗುವಿಗೆ 26 ಡಾಲರ್, ಆಲಮೊ ಹೈಟ್ಸ್‌ನಲ್ಲಿ 333. ಹೆಚ್ಚು ದರದಲ್ಲಿ ತೆತ್ತವರಿಗೆ ಕಡಿಮೆ, ಕಡಿಮೆ ದರದಲ್ಲಿ ತೆತ್ತವರಿಗೆ ಹೆಚ್ಚು. ರಾಜ್ಯ ಸರ್ಕಾರವಾದರೂ ಈ ತಗ್ಗನ್ನು ತುಂಬಿತೆ? ಎಡ್ಜ್‌ವುಡ್‌ನ ಮಗುವಿಗೆ 222 ಡಾಲರ್ ಕೊಟ್ಟು, ಆಲಮೊ ಹೈಟ್ಸ್‌ನ ಮಗುವಿಗೆ 225 ಕೊಟ್ಟಿತು! ಆ ಮೂರು ಡಾಲರಿನ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ. ಕೇಂದ್ರದ ಸಹಾಯವೂ ಸೇರಿ ಒಟ್ಟು ಲೆಕ್ಕ 356 ಡಾಲರಿಗೆ ಎದುರಾಗಿ 594.

1971ರ ಡಿಸೆಂಬರಿನಲ್ಲಿ ಮೂವರು ನ್ಯಾಯಾಧೀಶರ ಕೆಳಗಿನ ಪೀಠ ಪೋಷಕರ ಪರವಾಗಿ ತೀರ್ಪಿತ್ತಿತು. ರಾಜ್ಯ ಮೇಲ್ಮನವಿ ಹೋಯಿತು. 1973ರ ಮಾರ್ಚ್ 21ರಂದು ಅಮೆರಿಕದ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತಗಳಿಂದ ಅದನ್ನು ತಳ್ಳಿಹಾಕಿತು. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಪೊವೆಲ್. ಹಿಂದೆ ರಿಚ್‌ಮಂಡ್ ನಗರದ ಶಾಲಾ ಮಂಡಳಿಗೆ ಅಧ್ಯಕ್ಷರಾಗಿದ್ದವರು. ಶಿಕ್ಷಣ ಎಷ್ಟೇ ಮುಖ್ಯವಾದರೂ ಅಮೆರಿಕದ ಸಂವಿಧಾನ ಅದನ್ನು ಮೂಲಭೂತ ಹಕ್ಕಾಗಿ ಕೊಟ್ಟಿಲ್ಲ, ಶಾಲೆಗಳ ಮೇಲಿನ ಸ್ಥಳೀಯ ಹತೋಟಿಯೂ ಬೆಲೆಯುಳ್ಳದ್ದೇ ಎಂಬುದು ಅದರ ಸಾರ. ಭಿನ್ನಮತ ಬರೆದವರಲ್ಲಿ ಥರ್ಗುಡ್ ಮಾರ್ಷಲ್ ಒಬ್ಬರು. ಶಾಲೆಗಳಲ್ಲಿ ಬಿಳಿಯರು, ಕರಿಯರು ಎಂಬ ಬೇಲಿಯನ್ನು 1954ರಲ್ಲಿ ಇದೇ ನ್ಯಾಯಾಲಯದಲ್ಲಿ ವಕೀಲರಾಗಿ ವಾದಿಸಿ ಕೆಡವಿದವರು ಅವರು. ಈಗ ನ್ಯಾಯಮೂರ್ತಿಯ ಪೀಠದಲ್ಲಿ ಕುಳಿತು ಇನ್ನೊಂದು ಬೇಲಿ ಉಳಿಯುವುದನ್ನು ನೋಡಬೇಕಾಯಿತು.

ಇಲ್ಲೊಂದು ವಿಚಿತ್ರವಿದೆ. ಚರಿತ್ರೆಯಲ್ಲಿ ಈ ಮೊಕದ್ದಮೆ 'ಸ್ಯಾನ್ ಆಂಟೋನಿಯೊ ಶಾಲಾ ಜಿಲ್ಲೆ ವಿರುದ್ಧ ರೊಡ್ರಿಗೆಸ್' ಎಂದೇ ಪ್ರಸಿದ್ಧ. ಆದರೆ ಆ ಶಾಲಾ ಜಿಲ್ಲೆ ವಿಚಾರಣೆಗೆ ಮೊದಲೇ ಪ್ರತಿವಾದಿ ಸ್ಥಾನದಿಂದ ಹೊರಬಂದು, ಸುಪ್ರೀಂ ಕೋರ್ಟಿನಲ್ಲಿ ಪೋಷಕರ ಪರವಾಗಿಯೇ ಹೇಳಿಕೆ ಸಲ್ಲಿಸಿತ್ತು! ಹೆಸರು ಮಾತ್ರ ಎದುರಾಳಿಯಾಗಿ ಉಳಿಯಿತು. ಪಠ್ಯಪುಸ್ತಕದ ತಲೆಬರಹವನ್ನಷ್ಟೇ ಓದಿ ಪರೀಕ್ಷೆ ಬರೆಯುತ್ತಿದ್ದ ನಿಮ್ಮಲ್ಲಿ ಕೆಲವರನ್ನು ಇಲ್ಲಿ ನೆನೆದುಕೊಂಡೆ.

ಪೋಷಕರು ಸುಮ್ಮನಾಗಲಿಲ್ಲ. ದೇಶದ ಸಂವಿಧಾನ ಕೈಕೊಟ್ಟರೇನು, ಟೆಕ್ಸಾಸ್ ರಾಜ್ಯಕ್ಕೆ ತನ್ನದೇ ಸಂವಿಧಾನವಿದೆ, ಅದರಲ್ಲಿ ದಕ್ಷವಾದ ಉಚಿತ ಸಾರ್ವಜನಿಕ ಶಾಲೆಗಳನ್ನು ನಡೆಸುವ ಹೊಣೆ ಶಾಸನಸಭೆಯದೆಂದು ಬರೆದಿದೆ. 1984ರಲ್ಲಿ ಆ ಆಧಾರದ ಮೇಲೆ ಹೊಸ ದಾವೆ ಬಿತ್ತು. ಅಷ್ಟರಲ್ಲಿ ಅಂತರ ಇನ್ನೂ ಬೆಳೆದಿತ್ತು. ಅತಿ ಶ್ರೀಮಂತ ಜಿಲ್ಲೆಯಲ್ಲಿ ಒಂದು ಮಗುವಿಗೆ 1.4 ಕೋಟಿ ಡಾಲರಿಗೂ ಹೆಚ್ಚಿನ ಆಸ್ತಿ, ಅತಿ ಬಡ ಜಿಲ್ಲೆಯಲ್ಲಿ ಸುಮಾರು 20,000. ಒಂದಕ್ಕೆ ಏಳುನೂರು! 1989ರ ಅಕ್ಟೋಬರಿನಲ್ಲಿ ಟೆಕ್ಸಾಸ್‌ನ ಸುಪ್ರೀಂ ಕೋರ್ಟು ಒಮ್ಮತದಿಂದ ಆ ವ್ಯವಸ್ಥೆಯನ್ನು ರದ್ದುಮಾಡಿತು. ಮುಂದಿನ ನಾಲ್ಕು ವರ್ಷ ಶಾಸನಸಭೆ ಕಾನೂನು ಮಾಡುವುದು, ನ್ಯಾಯಾಲಯ ಅದನ್ನು ತಳ್ಳುವುದು ನಡೆದು, ಕೊನೆಗೆ 1993ರಲ್ಲಿ ಶ್ರೀಮಂತ ಜಿಲ್ಲೆಗಳ ಹೆಚ್ಚುವರಿ ತೆರಿಗೆಯನ್ನು ಬಡ ಜಿಲ್ಲೆಗಳಿಗೆ ಹರಿಸುವ ಏರ್ಪಾಡು ಬಂತು. ಜನ ಅದನ್ನು 'ರಾಬಿನ್ ಹುಡ್' ಎಂದು ಕರೆದರು. ಕಳ್ಳನ ಹೆಸರೇ ಏಕೆ ಹೊಳೆಯಿತೆಂಬುದನ್ನು ನೀವೇ ಊಹಿಸಿಕೊಳ್ಳಿ.

ಹಾಗಾದರೆ ಅಲೆನ್ನಿನ ಕ್ರೀಡಾಂಗಣ ಎಲ್ಲಿಂದ ಬಂತು? ಈ ಹಂಚಿಕೆ ಅನ್ವಯಿಸುವುದು ಶಾಲೆಯನ್ನು ದಿನನಿತ್ಯ ನಡೆಸುವ ತೆರಿಗೆಗೆ, ಅಂದರೆ ಸಂಬಳ, ವಿದ್ಯುತ್ತು, ಬಸ್ಸುಗಳಂಥ ಖರ್ಚಿಗೆ. ಕಟ್ಟಡ ಕಟ್ಟಲು ಸಾಲ ಎತ್ತಿ ಅದನ್ನು ತೀರಿಸಲು ಹಾಕುವ ತೆರಿಗೆ ಬೇರೆ ಖಾತೆ. ಅದರಲ್ಲಿ ಪಕ್ಕದ ಬಡ ಜಿಲ್ಲೆಗೆ ಪಾಲಿಲ್ಲ, ಆ ಸಾಲದ ಹಣದಲ್ಲಿ ಶಿಕ್ಷಕರಿಗೆ ಸಂಬಳ ಕೊಡುವಂತೆಯೂ ಇಲ್ಲ. ಆದ್ದರಿಂದಲೇ ಒಂದು ಕಡೆ ಅನುದಾನ ಕಡಿತ, ಇನ್ನೊಂದು ಕಡೆ ಕ್ರೀಡಾಂಗಣ. ಅಲೆನ್ನಿನ ಜನ ಅನ್ಯಾಯ ಮಾಡಿದರೆಂದು ನಾನು ಹೇಳಲಾರೆ. ತಮ್ಮ ಮಕ್ಕಳಿಗಾಗಿ ತಮ್ಮ ಮನೆಗಳ ಮೇಲೆ ತಾವೇ ತೆರಿಗೆ ಹಾಕಿಕೊಂಡರು. ಮಕ್ಕಳ ಕೊಠಡಿಗಳು ಅಲ್ಲಿ ಮೊದಲೇ ಚೆನ್ನಾಗಿದ್ದವು. ಎಡ್ಜ್‌ವುಡ್‌ನವರಿಗೆ ಆ ದರದಲ್ಲಿ ತೆರಿಗೆ ಹಾಕಿಕೊಂಡರೂ ಅಷ್ಟು ಹಣ ಹುಟ್ಟುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಹಟ ಹಿಡಿದು ಮಗನ ಕಾರಿನಲ್ಲಿ ಸ್ಯಾನ್ ಆಂಟೋನಿಯೊಗೂ ಹೋಗಿದ್ದೆ. ಆಲಮೊ ಕೋಟೆ ನೋಡಲು ಬಂದವರೇ ಎಲ್ಲರೂ. ಸಂಸಾರ ಸಮೇತ ನಾವೂ ನೋಡಿದೆವು. ಆಮೇಲೆ ಆಲಮೊ ಹೈಟ್ಸ್‌ನ ಮರಗಳ ನೆರಳಿನ ಬೀದಿಗಳಿಂದ ಹೊರಟು ಎಡ್ಜ್‌ವುಡ್‌ನ ಚಿಕ್ಕ ಚಿಕ್ಕ ಮನೆಗಳ ಬೀದಿಗೆ ಬರಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ರೊಡ್ರಿಗೆಸ್ 2013ರಲ್ಲಿ ತೀರಿಕೊಂಡಿದ್ದರು. ಕಾರಿನಿಂದ ಇಳಿದು ಒಂದು ಶಾಲೆಯ ಬೇಲಿಯ ಬಳಿ ನಿಂತೆ. ಭಾನುವಾರವಾದ್ದರಿಂದ ಒಳಗೆ ಯಾರೂ ಇರಲಿಲ್ಲ.

ಇನ್ನು ನಮ್ಮ ಮನೆಯ ಮಾತು. ನಮ್ಮಲ್ಲಿ ಮನೆ ಕಂದಾಯಕ್ಕೂ ಸರ್ಕಾರಿ ಶಾಲೆಯ ಶಿಕ್ಷಕನ ಸಂಬಳಕ್ಕೂ ಅಂಥ ಗಂಟಿಲ್ಲ. ರಾಜ್ಯದ ಬೊಕ್ಕಸದಿಂದಲೇ ಎಲ್ಲ ಊರಿನ ಮೇಷ್ಟ್ರಿಗೂ ಸಂಬಳ. 2002ರ ಸಂವಿಧಾನ ತಿದ್ದುಪಡಿಯಿಂದ ಆರರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕಾಗಿದೆ, ಅಮೆರಿಕದ ನ್ಯಾಯಾಲಯ ಇಲ್ಲವೆಂದ ಮಾತನ್ನು ನಾವು ಬರೆದಿಟ್ಟಿದ್ದೇವೆ. 2009ರ ಕಾಯಿದೆಯ ಅನುಸೂಚಿಯಲ್ಲಿ ಮಳೆ, ಬಿಸಿಲಿಗೆ ತಡೆಯುವ ಕಟ್ಟಡ ಇರಬೇಕೆಂದೂ ಇದೆ. ನಾನು ಹೇಳಬೇಕಾದದ್ದು ಅದಕ್ಕಿಂತ ಹಿಂದಿನದು, ಆ ಹಕ್ಕಿನ ವಯಸ್ಸು ದಾಟುತ್ತಿದ್ದ ಒಂಬತ್ತನೆಯ ತರಗತಿಯದು.

1994ರ ಮಳೆಗಾಲ. ನಮ್ಮ ಶಾಲೆಯ ಹೆಂಚಿನ ಕೊಠಡಿಯಲ್ಲಿ ಒಂಬತ್ತನೆಯ 'ಬಿ' ವಿಭಾಗ. ತೊಲೆಗೆ ಗೆದ್ದಲು ಹಿಡಿದು ಹೆಂಚು ಜರುಗಿ, ಮಳೆ ಬಂದರೆ ಬೆಂಚುಗಳನ್ನು ಒಂದು ಮೂಲೆಗೆ ಒತ್ತರಿಸಿ ಎಲ್ಲರೂ ಅಲ್ಲಿಯೇ ಕುಳಿತುಕೊಳ್ಳುತ್ತಿದ್ದಿರಿ. ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಇಲಾಖೆಗೆ ನಾನು ಬರೆದ ಅರ್ಜಿಗಳ ನಕಲು ಇನ್ನೂ ನನ್ನ ಬಳಿ ಇವೆ. ಆಗ ನಾನು ಪ್ರಭಾರ ಮುಖ್ಯೋಪಾಧ್ಯಾಯ. ಬೆಂಗಳೂರಿನಲ್ಲಿ ವ್ಯಾಪಾರದಿಂದ ಮೇಲೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬರು ಶಾಲೆಗೆ ಒಂದಿಷ್ಟು ಹಣ ಕೊಡುವುದಾಗಿ ಬಂದರು. ತಂದೆಯ ಹೆಸರಿನಲ್ಲಿ ಗೇಟಿನ ಬಳಿ ಒಂದು ಸ್ವಾಗತ ಕಮಾನು ಕಟ್ಟಿಸಬೇಕೆಂಬುದು ಅವರ ಆಸೆ. ನಾನು ಒಪ್ಪಿದೆ. ಕಮಾನಿನ ಬದಲು ಕೊಠಡಿಯ ಮಾಡು ಮಾಡಿಸಿಕೊಡಿ ಎಂದು ಒಂದು ಮಾತು ಕೇಳಲಿಲ್ಲ. ಕೇಳಿದರೆ ದಾನಿಗಳು ಮುನಿಸಿಕೊಂಡಾರೆಂಬ ಅಳುಕು. ಜೊತೆಗೆ, ಮುಚ್ಚಿಡುವುದೇಕೆ, ನನ್ನ ಕಾಲದಲ್ಲಿ ಶಾಲೆಗೆ ಕಮಾನು ಬಂತೆಂಬ ಹೆಮ್ಮೆಯೂ ಇತ್ತು. ಉದ್ಘಾಟನೆಯ ದಿನ ನಾನೇ ಸ್ವಾಗತ ಭಾಷಣ ಮಾಡಿದೆ. ಮಾಡಿನ ಕೆಲಸ ಆದದ್ದು ಮತ್ತೂ ಎರಡು ಮಳೆಗಾಲ ಕಳೆದ ಮೇಲೆ.

ಸ್ಯಾನ್ ಆಂಟೋನಿಯೊದಿಂದ ಹಿಂದಿರುಗುವಾಗ ಕಾರಿನಲ್ಲಿ ಇದನ್ನು ಮಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನೆ ಕಾರು ಓಡಿಸಿದ.

"ನನಗೆ ಗೊತ್ತು ಅಪ್ಪ," ಎಂದ. "ನಾನೂ ಅದೇ 'ಬಿ' ವಿಭಾಗದಲ್ಲೇ ಇದ್ದೆನಲ್ಲ. ನೀವು ಮರೆತಿರಬಹುದು. ಬಕೆಟ್ ಇಡುತ್ತಿದ್ದುದು ನನ್ನ ಬೆಂಚಿನ ಪಕ್ಕದಲ್ಲಿ. ತುಂಬಿದಾಗ ಚೆಲ್ಲಿ ಬರುವ ಕೆಲಸವೂ ನನ್ನದೇ."

ನಾನು ನಿಜಕ್ಕೂ ಮರೆತಿದ್ದೆ.