ವಾರ್ಲಿ ರೈತಕುಟುಂಬದ ಶಿಶು

ಥಾಣೆಯ ಖಾಡಿಯ ದಡದ ಐರೋಲಿಯಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರು ದೂರದಲ್ಲಿ, ನಾಸಿಕದ ಘಟ್ಟಕ್ಕೂ ಗುಜರಾತದ ಸೀಮೆಗೂ ನಡುವಣ ಜವ್ಹಾರ, ಮೊಖಾಡ ತಾಲ್ಲೂಕುಗಳ ಬೆಟ್ಟದಂಚಿನಲ್ಲಿ, ತುಂಡುಭೂಮಿಯನ್ನು ನಂಬಿ ಬದುಕುವ ವಾರ್ಲಿ, ಠಾಕೂರ, ಕಾತಕರಿ ಕುಟುಂಬಗಳಲ್ಲಿ ಜನಿಸುವ ಶಿಶುವಿನ ಆಯುಷ್ಯವು ಬಹುಮಟ್ಟಿಗೆ ಸುಗ್ಗಿಯ ಪಂಚಾಂಗದಿಂದಲೇ ನಿರ್ಣೀತವಾಗುತ್ತ ಬಂದಿದೆ.

ಮಳೆಗೆ ಮುಂಚೆ ಸೊಪ್ಪುಸದೆಗಳನ್ನು ಸಸಿಮಡಿಯ ಮೇಲೆ ಹರಡಿ ಸುಡುವ ‘ರಾಬ್’ ಪದ್ಧತಿಯಿಂದ ಇಲ್ಲಿನ ಬೇಸಾಯಕ್ಕೆ ಆರಂಭ. ಮುಖ್ಯ ಬೆಳೆ ನಾಗ್ಲಿ, ಅರ್ಥಾತ್ ನಮ್ಮ ರಾಗಿ. ಅದರೊಡನೆ ವರಿಯೆಂಬ ಸಾವೆ, ತಗ್ಗಿನಲ್ಲಿ ಭತ್ತ. ಕೊಯ್ದ ಧಾನ್ಯ ಕೆಲವೇ ತಿಂಗಳುಗಳಿಗೆ ಸಾಲುವುದರಿಂದ, ದೀಪಾವಳಿ ಕಳೆಯುತ್ತಲೇ ಗಂಡಹೆಂಡಿರು ಕೂಸನ್ನೆತ್ತಿಕೊಂಡು ಭಿವಂಡಿ, ವಸಯಿಗಳ ಇಟ್ಟಿಗೆಭಟ್ಟಿಗಳಿಗೂ ಥಾಣೆ, ನವಿ ಮುಂಬಯಿಗಳ ಕಟ್ಟಡದ ಕೆಲಸಗಳಿಗೂ ಇಳಿದು, ಪಡೆದ ಮುಂಗಡದ ಋಣವನ್ನು ಬೆವರಿನಿಂದ ತೀರಿಸಿ ಮುಂಗಾರಿಗೆ ಮೊದಲು ಹಿಂದಿರುಗುವರು. ಹೊಲದಲ್ಲಿ ನಾಟಿಯ ದುಡಿಮೆ ಅತ್ಯಧಿಕವಾಗಿಯೂ ಮನೆಯ ಕಣಜ ಬರಿದಾಗಿಯೂ ಇರುವ ಆಷಾಢದಿಂದ ಭಾದ್ರಪದದವರೆಗಿನ ಅವಧಿಯೇ ಶಿಶುವಿಗೆ ಕಂಟಕಕಾಲ. ಎಳೆಯ ಪ್ರಾಯದ ರಕ್ತಹೀನ ತಾಯಿ, ತೂಕ ಸಾಲದ ಕೂಸು, ಹೊತ್ತು ತಪ್ಪಿದ ಮೊಲೆಯೂಟ, ತುಂಬಿ ಹರಿವ ಹಳ್ಳದಾಚೆಯ ಆರೋಗ್ಯಕೇಂದ್ರ, ಇಷ್ಟೂ ಕೂಡಿದ ಮೇಲೆ ನ್ಯುಮೋನಿಯಾ ಅಥವಾ ಭೇದಿ ಕೇವಲ ನಿಮಿತ್ತ. ಆದರೆ ದಾಖಲೆಗಳಲ್ಲಿ ಬಹುಧಾ ಆ ನಿಮಿತ್ತಕ್ಕೇ ಕಾರಣವೆಂಬ ಪದವಿ ದೊರೆಯುತ್ತದೆ. ಹಸಿವಿಗೆ ಅಲ್ಲಿ ಅಂಕಣವಿಲ್ಲ.

ಹೆರಿಗೆಯ ತರುವಾಯದ ಐದನೆಯ ಅಥವಾ ಆರನೆಯ ರಾತ್ರಿ ಸಟವಾಯಿಯೆಂಬ ದೇವತೆ ಬಂದು ಹಣೆಬರಹ ಬರೆಯುವಳೆಂಬುದು ಮಹಾರಾಷ್ಟ್ರದ ಗ್ರಾಮಗಳ ನಂಬಿಕೆ. ಉತ್ತರ ಕರ್ನಾಟಕದ ಶೆಟಿಗೆವ್ವ ಇವಳೇ. ಎರಡೂ ಹೆಸರುಗಳ ಹಿಂದೆ ಷಷ್ಠೀದೇವಿಯಿರುವಳು. ಮೊದಲ ನಾಲ್ಕೈದು ದಿನಗಳನ್ನು ದಾಟಿದ ಕೂಸಿಗೆ ಮಾತ್ರ ಹಣೆಬರಹದ ಯೋಗ್ಯತೆಯೆಂದು ಎಣಿಸಿದ ಪೂರ್ವಿಕರಿಗೆ ನವಜಾತ ಶಿಶುವಿನ ಅಪಾಯವನ್ನು ಯಾವ ಅಂಕಿಸಂಖ್ಯೆಯೂ ತಿಳಿಸಿಕೊಡಬೇಕಾಗಿರಲಿಲ್ಲ.

ಹೊರಜಗತ್ತು ಈ ಸಾವುಗಳತ್ತ ತಿರುಗಿ ನೋಡಿದುದು 1992–93ರಲ್ಲಿ, ಜವ್ಹಾರ ತಾಲ್ಲೂಕಿನ ವಾವರ-ವಾಂಗಣಿ ಭಾಗದಲ್ಲಿ ನೂರಕ್ಕೂ ಮಿಕ್ಕ ಮಕ್ಕಳು ಅಪೌಷ್ಟಿಕತೆಯಿಂದ ಮಡಿದಾಗ. ಆಮೇಲೆ ‘ನವಸಂಜೀವನಿ’ ಯೋಜನೆ ಬಂದಿತು. ಗರ್ಭಿಣಿಯರಿಗೂ ಬಾಣಂತಿಯರಿಗೂ ಒಪ್ಪೊತ್ತಿನ ಪೂರ್ಣ ಊಟವೀಯುವ ‘ಅಮೃತ ಆಹಾರ’ ಬರಲು 2015ರವರೆಗೆ ಕಾಯಬೇಕಾಯಿತು. ವಿಪರ್ಯಾಸವೆಂದರೆ, ಅಂಗನವಾಡಿಯ ಕಲ್ಪನೆ ಚಿಗುರಿದ್ದೇ ಅಂದಿನ ಥಾಣೆ ಜಿಲ್ಲೆಯಲ್ಲಿ: ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ 1945ರಲ್ಲಿ ಬೋರ್ಡಿಯಲ್ಲಿಯೂ, ಅನಂತರ ಕೋಸಬಾಡದಲ್ಲಿಯೂ, ಶಾಲೆಗೆ ಬಾರದ ವಾರ್ಲಿ ಮಕ್ಕಳ ಅಂಗಳಕ್ಕೇ ಶಾಲೆಯನ್ನು ಕೊಂಡೊಯ್ದರು. 1975ರಲ್ಲಿ ಕೇಂದ್ರಸರ್ಕಾರದ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟ ತಿರುಮಕೂಡಲು ನರಸೀಪುರದ ಕೇಂದ್ರಗಳಿಗೂ ಅಂಗನವಾಡಿಯೆಂದೇ ಹೆಸರು.

ಅಮೆರಿಕದ ಗಡಿನಾಡಿನ ಒಕ್ಕಲು ಮಕ್ಕಳ ಪಾಡೂ ಒಂದು ಕಾಲಕ್ಕೆ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ಲೇಖಕಿ ಲಾರಾ ಇಂಗಲ್ಸ್ ವೈಲ್ಡರಳ ತಮ್ಮ ಚಾರ್ಲ್ಸ್ ಫ್ರೆಡರಿಕ್, 1875ರ ನವೆಂಬರ್ 1ರಂದು ಮಿನೆಸೋಟಾದಲ್ಲಿ ಹುಟ್ಟಿ, ಮಿಡತೆಗಳು ಪೈರು ಮುಕ್ಕಿದ ಮೇಲೆ ಊರು ಬಿಟ್ಟು ಹೊರಟ ಹೆತ್ತವರೊಡನೆ ಅಲೆದು, 1876ರ ಆಗಸ್ಟ್ 27ರಂದು ತೀರಿಕೊಂಡನು. ಅಕ್ಕನ ಪ್ರಸಿದ್ಧ ಕಾದಂಬರಿಮಾಲೆಯಲ್ಲಿ ಅವನ ಪ್ರಸ್ತಾಪವಿಲ್ಲ. ಅವಳ ಖ್ಯಾತಿಯಿಂದಲೇ ಅವನ ತಿಥಿಗಳು ಉಳಿದುಬಂದಿವೆ. ವಾವರ-ವಾಂಗಣಿಯ ಕೂಸುಗಳಿಗೆ ಅಂಥ ಅಕ್ಕಂದಿರಿರಲಿಲ್ಲ.

2014ರ ಆಗಸ್ಟ್ 1ರಂದು ಜವ್ಹಾರ, ಮೊಖಾಡಗಳು ಥಾಣೆಯಿಂದ ಬೇರ್ಪಟ್ಟು ನೂತನ ಪಾಲಘರ ಜಿಲ್ಲೆಗೆ ಸೇರಿದವು. ಭಿವಂಡಿಯ ಭಟ್ಟಿಗಳು ಥಾಣೆಯಲ್ಲಿಯೇ ಉಳಿದವು. ಹೀಗಾಗಿ ದೀಪಾವಳಿಯ ಮರುವಾರ ತಾಯಿಯ ಸೊಂಟವೇರಿ ಅತ್ತ ಹೊರಡುವ ಕೂಸು ಈಗ ಜಿಲ್ಲೆಯ ಗಡಿಯನ್ನೂ ದಾಟುತ್ತದೆ.